ಕತೆ ಬರೆಯುವ ನಮ್ಮ ಸೀಮೆಯ ಮಕ್ಕಳಿಗೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಾಲೇಜುಗಳಲ್ಲಿ ಓದುತ್ತಾ ಕತೆ ಬರೆಯಬೇಕೆಂದು ಹೊರಟಿರುವ ಮಕ್ಕಳೇ, ಇದು ನಿಮಗೆ ಹೇಳುವ ಮಾತು. ಮೊಬೈಲಿನಲ್ಲಿ ಎರಡು ಸಾಲು ಕೇಳಿದರೆ ಸಾಕು, ಚಾಟ್‌ಜಿಪಿಟಿ ಗಳಿಗೆಯಲ್ಲಿ ಇಡೀ ಕತೆ ಬರೆದು ಕೊಡುತ್ತದೆ. ಅದಕ್ಕೆ ನಿಮ್ಮ ಹೆಸರು ಹಾಕಿ ಕಥಾಸ್ಪರ್ಧೆಗೆ ಕಳಿಸಬೇಡಿ. ಕಾಗುಣಿತ ನೋಡಿಕೊಳ್ಳಲು ಬಳಸಿದರೆ ನನ್ನ ತಕರಾರಿಲ್ಲ.

ಇದರಿಂದ ಯಾರ ಗಂಟು ಹೋಗುತ್ತದೆ ಎನ್ನುತ್ತೀರಾ? ಅಮೆರಿಕದಲ್ಲಿ ಕ್ಲಾರ್ಕ್ಸ್‌ವರ್ಲ್ಡ್ ಎಂಬ ವಿಜ್ಞಾನ ಕತೆಗಳ ಮಾಸಿಕವಿದೆ. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. 2023ರ ಫೆಬ್ರುವರಿಯಲ್ಲಿ ಯಂತ್ರ ಬರೆದ ಕತೆಗಳು ಆ ಪತ್ರಿಕೆಗೆ ನೂರುಗಟ್ಟಲೆ ಬಂದು ಬಿದ್ದವು. ಸಂಪಾದಕ ನೀಲ್ ಕ್ಲಾರ್ಕ್ ಹೊಸ ಕತೆ ತೆಗೆದುಕೊಳ್ಳುವುದನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಹೆಸರು ಮಾಡಿದವರಿಗೆ ನಾಲ್ಕಾರು ಕಡೆ ಪರಿಚಯವಿರುತ್ತದೆ. ಪೆಟ್ಟು ಬಿದ್ದದ್ದು ಮೊದಲ ಕತೆ ಕೈಯಲ್ಲಿ ಹಿಡಿದವರಿಗೆ.

ಪಾವಗಡದ ಗಡಿ ಹಳ್ಳಿಯ ಹುಡುಗಿಗೆ ಬೆಂಗಳೂರಿನಲ್ಲಿ ಯಾವ ಪ್ರಕಾಶಕರು ಗೊತ್ತು? ದೀಪಾವಳಿ, ಯುಗಾದಿ ವಿಶೇಷಾಂಕಗಳ ಕಥಾಸ್ಪರ್ಧೆಯೇ ಅವಳಿಗಿರುವ ದಾರಿ. ಕೇಳರಿಯದ ಹೆಸರು ಕಂಡೊಡನೆ 'ಇದು ಇವಳೇ ಬರೆದದ್ದೋ?' ಎಂದು ತೀರ್ಪುಗಾರರು ಅನುಮಾನಪಡುವಂತಾದರೆ ಆ ದಾರಿಗೆ ಮುಳ್ಳು ಬಿತ್ತು. ಅದನ್ನು ಹಾಕಿದವರು ನಮ್ಮ ಮಕ್ಕಳೇ ಆಗಬಾರದೆಂಬುದು ನನ್ನ ಸಂಕಟ.

ಬರೆಯಲು ಸರಕಿಲ್ಲ ಎನ್ನಬೇಡಿ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟ್ ಸಾಮರ್ಥ್ಯದ್ದು. ಅಂಕಿಅಂಶವನ್ನು ಯಂತ್ರವೂ ಒಪ್ಪಿಸುತ್ತದೆ. ಜಮೀನಿದ್ದವರಿಗೆ ವರ್ಷವರ್ಷ ಗುತ್ತಿಗೆ ಹಣ ಬರುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವಳು, ಕುರಿ ಮೇಯಿಸುತ್ತಿದ್ದವನು ಬೇಲಿಯ ಹೊರಗೆ ಉಳಿದರು. ಅವರ ಮನೆಯಲ್ಲಿ ರಾತ್ರಿ ಉಂಡ ಮೇಲೆ, ತೆಲುಗು ಬೆರೆತ ಕನ್ನಡದಲ್ಲಿ, ಏನು ಮಾತಾಗುತ್ತದೆ? ಪಕ್ಕದ ಮನೆಯ ನಿಮಗೆ ಅದು ಕೇಳಿಸುತ್ತದೆ. ಕಡಲೆಕಾಯಿ ಗಿಡ ಹೂಬಿಟ್ಟು ಮೊನೆ ಮಣ್ಣಿಗಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಹೊಲವೆಲ್ಲ ಹಸಿರಾಗಿಯೇ ಇರುತ್ತದೆ, ಕಿತ್ತು ನೋಡಿದರೆ ಬುಡದಲ್ಲಿ ಕಾಯಿಲ್ಲ. ಹಾಗೆ ಕಿತ್ತ ಗಿಡವನ್ನು ಕೈಯಲ್ಲಿ ಹಿಡಿದು ನಿಂತ ಅಪ್ಪನ ಮುಖವನ್ನು ನೀವು ಕಂಡಿದ್ದೀರಿ. ಅದನ್ನು ಬರೆಯಿರಿ.

ನಮ್ಮ ಸೀಮೆಗೆ ಕತೆ ಹೊಸದಲ್ಲ. ಶಿರಾ ಕಡೆಯ ಕಾಡುಗೊಲ್ಲರು ಉದ್ದನೆಯ ಬಿದಿರಿನ ಗಣೆ ಊದುತ್ತಾ ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುತ್ತಾರೆ. ಹಿರಿಯರ ಬಾಯಿಂದ ಕೇಳಿ ಕೇಳಿ ಕಲಿತದ್ದು. ಶಿರಾ ತಾಲ್ಲೂಕಿನ ಬರಗೂರಿನಿಂದಲೇ ಬರಗೂರು ರಾಮಚಂದ್ರಪ್ಪನವರಂಥ ಕಾದಂಬರಿಕಾರರು ಬಂದರು. ಹಾಸನದ ಬಾನು ಮುಷ್ತಾಕ್ ಅವರನ್ನೂ ನೋಡಿ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಅದರಲ್ಲಿರುವುದು 12 ಕತೆ. ಅವನ್ನು ಬರೆಯಲು ಹಿಡಿದದ್ದು ಮೂವತ್ತಕ್ಕೂ ಹೆಚ್ಚು ವರ್ಷ. ವಕೀಲೆಯಾಗಿ ಹೆಣ್ಣುಮಕ್ಕಳ ನೋವನ್ನು ಎದುರಿಗೆ ಕೂತು ಕೇಳಿದವರು ಅವರು.

ಮೊದಲ ಕತೆ ಸೊಟ್ಟಗಿದ್ದರೂ ಚಿಂತೆಯಿಲ್ಲ. ಬರೆದದ್ದನ್ನು ಮನೆಯಲ್ಲಿ ಅಜ್ಜಿಗೋ ಅತ್ತಿಗೆಗೋ ಗಟ್ಟಿಯಾಗಿ ಓದಿ ಹೇಳಿ, ಅವರು ಎಲ್ಲಿ ಆಕಳಿಸಿದರೋ ಅಲ್ಲಿ ತಿದ್ದಿ, ಮತ್ತೆ ಬರೆಯಿರಿ. ಬರುವ ದೀಪಾವಳಿಯ ಸ್ಪರ್ಧೆಗೆ ಅದನ್ನೇ ಕಳಿಸಿ.