ಯಾರಿಗೂ ಬೇಡವಾಗಿದ್ದ ಅಲೆಗಳು

ನಮ್ಮ ಕಾಲೇಜಿನ ಯಾವ ತರಗತಿಗೆ ಹೋಗಿ ಕೇಳಿದರೂ ಐದಾರು ಕೈಗಳಾದರೂ ಮೇಲೇಳುತ್ತವೆ. ಒಬ್ಬರ ತಂದೆ ದಮ್ಮಾಮಿನಲ್ಲಿ, ಇನ್ನೊಬ್ಬರ ಅಣ್ಣ ದುಬೈಯಲ್ಲಿ, ಮತ್ತೊಬ್ಬರ ಮಾವ ಮಸ್ಕತ್‌ನಲ್ಲಿ. ರಾತ್ರಿ ಇಶಾ ನಮಾಝ್ ಮುಗಿಸಿ ಊಟಕ್ಕೆ ಕೂರುವ ಹೊತ್ತಿಗೆ ವಾಟ್ಸಾಪ್ ಕಾಲ್ ಬರುತ್ತದೆ, ಮೊಬೈಲ್ ಕೈಯಿಂದ ಕೈಗೆ ಹೋಗುತ್ತದೆ. ಇದರಲ್ಲಿ ವಿಶೇಷ ಏನಿದೆ ಎಂದು ಯಾರಿಗೂ ಅನಿಸುವುದಿಲ್ಲ.

ವಿದ್ಯುತ್ಕಾಂತೀಯ ತರಂಗಗಳ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು. "ಸರ್, ಟವರ್ ಇಲ್ಲ, ಕೇಬಲ್ ಇಲ್ಲ, ಸ್ಯಾಟಲೈಟೂ ಇಲ್ಲ ಅಂತಾದ್ರೆ ದುಬೈಗೆ ಮಾತಾಡ್ಲಿಕ್ಕೆ ಆಗ್ತದಾ?" ಆಗುತ್ತದೆ ಎಂದೆ. ತರಗತಿ ನಂಬಲಿಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು. ಬಾಕಿ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

1901ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಇಂಗ್ಲೆಂಡಿನ ಪೋಲ್ಧುವಿನಿಂದ ಕಳಿಸಿದ ಸಂಕೇತವನ್ನು ಅಟ್ಲಾಂಟಿಕ್ ಸಾಗರದ ಆಚೆ, ನ್ಯೂಫೌಂಡ್‌ಲ್ಯಾಂಡಿನಲ್ಲಿ ಕೇಳಿದರು. ಅದು ಮೋರ್ಸ್ ಕೋಡಿನ ಮೂರು ಚುಕ್ಕೆ, ಅಂದರೆ ಎಸ್ ಅಕ್ಷರ. ಈ ಸುದ್ದಿ ಹರಡಿದ ಮೇಲೆ ಹಲವು ದೇಶಗಳಲ್ಲಿ ಹುಡುಗರು, ಮೆಕ್ಯಾನಿಕ್‌ಗಳು, ಮೇಷ್ಟ್ರುಗಳು ಮನೆಯಲ್ಲೇ ತಂತಿ ಸುತ್ತಿ ಕಾಯಿಲ್ ಮಾಡಿ ಕಿಡಿ ಹಾರಿಸತೊಡಗಿದರು. ಆಗಿನ ಟ್ರಾನ್ಸ್‌ಮಿಟರ್ ಎಂದರೆ ಕಿಡಿಯೇ. ಒಂದು ಕಿಡಿ ಹಾರಿದರೆ ಆಸುಪಾಸಿನ ಎಲ್ಲ ರಿಸೀವರ್‌ಗಳಲ್ಲೂ ಗರಗರ ಸದ್ದು. ಹಡಗಿನವರು, ನೌಕಾಪಡೆಯವರು ಈ ಹವ್ಯಾಸಿಗಳ ಕಾಟಕ್ಕೆ ಬೇಸತ್ತರು.

1912ರಲ್ಲಿ ಅಮೆರಿಕ ಒಂದು ಕಾನೂನು ತಂದಿತು. ಹವ್ಯಾಸಿಗಳು 200 ಮೀಟರ್ ಮತ್ತು ಅದಕ್ಕಿಂತ ಕಡಿಮೆ ತರಂಗದೂರವನ್ನು ಮಾತ್ರ ಬಳಸಬೇಕು, ಉಳಿದದ್ದು ಹಡಗು, ಸೇನೆ ಮತ್ತು ಕಂಪನಿಗಳಿಗೆ. ಇದು ಉದಾರತೆಯಿಂದ ಕೊಟ್ಟದ್ದಲ್ಲ. ತರಂಗ ಉದ್ದವಾದಷ್ಟೂ ದೂರ ಹೋಗುತ್ತದೆ, ಗಿಡ್ಡವಾದದ್ದು ನೆಲದ ಮೇಲೆ ಸ್ವಲ್ಪ ದೂರ ಸಾಗಿ ಸಾಯುತ್ತದೆ ಎಂಬುದು ಆಗಿನ ಪರಿಣತರ ಲೆಕ್ಕ. ದೊಡ್ಡ ಸ್ಟೇಷನ್‌ಗಳು ಸಾವಿರಾರು ಮೀಟರ್ ತರಂಗದೂರದಲ್ಲಿ, ಗುಡ್ಡದಂಥ ಕಂಬಗಳ ಮೇಲೆ ಕೆಲಸ ಮಾಡುತ್ತಿದ್ದವು. ಯಾರಿಗೂ ಬೇಡವಾದ ಗಿಡ್ಡ ಅಲೆಗಳನ್ನು ಹುಡುಗರ ಕಡೆಗೆ ತಳ್ಳಿದರು. ಹತ್ತೂರಿನಾಚೆಗೆ ಸಂಕೇತ ಮುಟ್ಟದಿದ್ದರೆ ತಾವಾಗಿಯೇ ಸುಮ್ಮನಾಗುತ್ತಾರೆ ಎಂಬ ಎಣಿಕೆಯೂ ಇತ್ತು.

ಲೆಕ್ಕ ತಪ್ಪಾಗಿರಲಿಲ್ಲ, ಅರ್ಧವಾಗಿತ್ತು. ನೆಲದ ಮೇಲೆ ಸಾಗುವ ಅಲೆಯ ಬಗ್ಗೆ ಅವರು ಹೇಳಿದ್ದು ಈಗಲೂ ಸರಿ. ಮೇಲಕ್ಕೆ ಹೋದ ಅಲೆ ಏನಾಗುತ್ತದೆ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

1921ರ ಡಿಸೆಂಬರ್‌ನಲ್ಲಿ ಅಮೆರಿಕದ ಹವ್ಯಾಸಿಗಳ ಸಂಘವು ಪಾಲ್ ಗಾಡ್ಲಿ ಎಂಬುವರನ್ನು ರಿಸೀವರ್ ಸಮೇತ ಹಡಗು ಹತ್ತಿಸಿ ಸ್ಕಾಟ್ಲೆಂಡಿಗೆ ಕಳಿಸಿತು. ಅವರು ಆರ್ಡ್ರೊಸನ್ ಎಂಬಲ್ಲಿ ಸಮುದ್ರದ ಬಳಿ, ಚಳಿಗಾಲದ ಮಳೆಗಾಳಿಯಲ್ಲಿ ಟೆಂಟ್ ಹಾಕಿ ರಾತ್ರಿಯೆಲ್ಲ ಕಿವಿಗೆ ಹೆಡ್‌ಫೋನ್ ಹಚ್ಚಿ ಕೂತರು. ಅಮೆರಿಕದ ಹವ್ಯಾಸಿಗಳ ಸಂಕೇತ ಕೇಳಿಸಿತು! ಎರಡು ವರ್ಷದ ನಂತರ, 1923ರ ನವೆಂಬರ್‌ನಲ್ಲಿ, ಫ್ರಾನ್ಸಿನ ನೀಸ್ ನಗರದ ಲಿಯೋನ್ ದೆಲ್ವಾ ಮತ್ತು ಅಮೆರಿಕದ ಫ್ರೆಡ್ ಶ್ನೆಲ್ ಪರಸ್ಪರ ಸಂದೇಶ ವಿನಿಮಯ ಮಾಡಿಕೊಂಡರು. ಬಳಸಿದ್ದು 100 ಮೀಟರ್ ಆಸುಪಾಸಿನ ಅಲೆ. 200ಕ್ಕಿಂತ ಗಿಡ್ಡ ಅಲೆ ಇನ್ನೂ ಚೆನ್ನಾಗಿ ಹೋಗುತ್ತದೆ ಎಂದಾಯಿತು. ಪುಸ್ತಕದ ಲೆಕ್ಕಕ್ಕೆ ಪೂರ್ತಿ ವಿರುದ್ಧ.

ಈಗ ನಿಮ್ಮ ವಯಸ್ಸಿನವನೊಬ್ಬನ ಕಥೆಗೆ ಬರೋಣ. ಲಂಡನ್ನಿನ ಮಿಲ್ ಹಿಲ್ ಶಾಲೆಯಲ್ಲಿ 2ಎಸ್‌ಝಡ್ ಎಂಬ ಕರೆಸಂಕೇತದ ಒಂದು ಸ್ಟೇಷನ್ ಇತ್ತು. ಕರೆಸಂಕೇತ ಎಂದರೆ ವಾಹನಕ್ಕೆ ನಂಬರ್ ಪ್ಲೇಟ್ ಇದ್ದಂತೆ, ಆ ಸ್ಟೇಷನ್ನಿನ ಗುರುತು. ಅದನ್ನು ನಡೆಸುತ್ತಿದ್ದವನು ಸೆಸಿಲ್ ಗೋಯ್ಡರ್, 18 ವರ್ಷದ ಹುಡುಗ. ಅತ್ತ ನ್ಯೂಝಿಲ್ಯಾಂಡಿನ ಒಟಾಗೊ ಪ್ರಾಂತ್ಯದ ಶ್ಯಾಗ್ ಕಣಿವೆಯಲ್ಲಿ ಕುರಿ ಸಾಕುವ ಕುಟುಂಬದ ಫ್ರಾಂಕ್ ಬೆಲ್. ಮೊದಲ ಮಹಾಯುದ್ಧದಿಂದ ಆರೋಗ್ಯ ಕೆಟ್ಟು ಮನೆಗೆ ಮರಳಿದ್ದ ಬೆಲ್ ರೇಡಿಯೊ ಹಿಡಿದು ಕೂತಿದ್ದರು. 1924ರ ಅಕ್ಟೋಬರ್ 18ರಂದು ಬೆಲ್ ಮೋರ್ಸ್‌ನಲ್ಲಿ ಕರೆ ಕಳಿಸಿದರು, ಗೋಯ್ಡರ್ ಉತ್ತರಿಸಿದ. ಇಬ್ಬರ ನಡುವಿನ ದೂರ ಸುಮಾರು 19 ಸಾವಿರ ಕಿ.ಮೀ. ಭೂಮಿಯ ಸುತ್ತಳತೆ 40 ಸಾವಿರ ಎಂದು ನೆನಪಿದ್ದರೆ, ಇದಕ್ಕಿಂತ ಹೆಚ್ಚು ದೂರ ಹೋಗಲು ಭೂಮಿಯಲ್ಲಿ ಜಾಗವೇ ಹೆಚ್ಚು ಉಳಿದಿಲ್ಲ ಎಂಬುದು ತಿಳಿಯುತ್ತದೆ. ಬೆಳಕಿನ ವೇಗದಿಂದ ಭಾಗಿಸಿ ನೋಡಿ: ಸಂಕೇತ ತಲುಪಲು ಬೇಕಾದದ್ದು ಒಂದು ಸೆಕೆಂಡಿನ ಸುಮಾರು ಹದಿನಾರರಲ್ಲಿ ಒಂದು ಪಾಲು.

ಬೆಲ್ ಆಮೇಲೆ ಜಮೀನಿನ ಕೆಲಸದ ಕಡೆ ಹೊರಳಿದಾಗ ಅವರ ಅಕ್ಕ ಬ್ರೆಂಡಾ ಸ್ಟೇಷನ್ ವಹಿಸಿಕೊಂಡರು. 1927ರಲ್ಲಿ ನ್ಯೂಝಿಲ್ಯಾಂಡಿನಿಂದ ದಕ್ಷಿಣ ಆಫ್ರಿಕವನ್ನು ರೇಡಿಯೊದಲ್ಲಿ ಮೊದಲು ಮುಟ್ಟಿದವರು ಅವರೇ. ಇದು ಗಂಡುಮಕ್ಕಳ ಹವ್ಯಾಸ ಎಂದುಕೊಂಡ ವಿದ್ಯಾರ್ಥಿನಿಯರು ಗಮನಿಸಬೇಕು.

ಗೋಯ್ಡರ್ ಮತ್ತು ಬೆಲ್ ಮಾತಾಡಿಕೊಂಡಾಗ ಅಲೆ ಅಷ್ಟು ದೂರ ಹೋದದ್ದು ಹೇಗೆ ಎಂಬುದಕ್ಕೆ ನೇರ ಪುರಾವೆ ಇರಲಿಲ್ಲ. ಮೇಲೆ ವಿದ್ಯುತ್ ಹಾಯುವ ಒಂದು ಪದರ ಇರಬೇಕು ಎಂದು ಕೆನ್ನೆಲಿ ಮತ್ತು ಹೆವಿಸೈಡ್ 1902ರಲ್ಲೇ ಊಹಿಸಿದ್ದರು. ಅದು ಇದೆ ಎಂದು ಇಂಗ್ಲೆಂಡಿನಲ್ಲಿ ಆ್ಯಪಲ್ಟನ್ ಪ್ರಯೋಗದಿಂದ ತೋರಿಸಿದ್ದು 1924ರ ಡಿಸೆಂಬರ್‌ನಲ್ಲಿ, ಅಂದರೆ ಆ ಮಾತುಕತೆಯ ಎರಡು ತಿಂಗಳ ನಂತರ. ಈ ಕೆಲಸಕ್ಕೆ 1947ರಲ್ಲಿ ಅವರಿಗೆ ನೊಬೆಲ್ ಬಂತು. ಸೂರ್ಯನ ಅತಿನೇರಳೆ ಕಿರಣ ಮತ್ತು ಎಕ್ಸ್ ಕಿರಣಗಳು ಮೇಲಿನ ತೆಳು ಗಾಳಿಯ ಅಣುಗಳಿಂದ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತವೆ. ಅದೇ ಅಯಾನುಗೋಳ. ನೀರಿನೊಳಗೆ ಇಳಿಸಿದ ಪೆನ್ಸಿಲ್ ಬಾಗಿದಂತೆ ಕಾಣುವುದಕ್ಕೆ ಕಾರಣವಾದ ವಕ್ರೀಭವನವೇ ಅಲ್ಲಿಯೂ ನಡೆಯುತ್ತದೆ. ಅಲೆ ಸ್ವಲ್ಪ ಸ್ವಲ್ಪವೇ ಬಾಗುತ್ತ ಕೊನೆಗೆ ಕೆಳಮುಖವಾಗುತ್ತದೆ. ಸುಮಾರು 300 ಕಿ.ಮೀ. ಎತ್ತರದಲ್ಲಿ ಬಾಗಿದ ಅಲೆ ಮೂರ್ನಾಲ್ಕು ಸಾವಿರ ಕಿ.ಮೀ. ಆಚೆ ನೆಲ ಮುಟ್ಟಬಹುದು. ಅಲ್ಲಿಂದ ಮತ್ತೆ ಪುಟಿದು ಮೇಲಕ್ಕೆ. ನಮ್ಮ ಕರಾವಳಿಯಿಂದ ದುಬೈಗೆ ಒಂದೇ ನೆಗೆತ ಸಾಕು.

ಹಗಲಿನಲ್ಲಿ ಕೆಳಗಿನ ಇನ್ನೊಂದು ಪದರ ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಮಧ್ಯಾಹ್ನ ಬರೀ ಕೊರಕೊರ ಎನ್ನುತ್ತಿದ್ದ ಮನೆಯ ಹಳೇ ರೇಡಿಯೊ ರಾತ್ರಿಯಾದೊಡನೆ ದೂರದೂರದ ಸ್ಟೇಷನ್ ಹಿಡಿಯುತ್ತಿದ್ದುದು ಇದರಿಂದಲೇ. ನಿಮ್ಮ ಅಜ್ಜಂದಿರನ್ನು ಕೇಳಿ, ಅವರಿಗೆ ಕಾರಣ ಗೊತ್ತಿಲ್ಲದಿದ್ದರೂ ಅನುಭವ ಇದೆ.

ಎಲ್ಲವನ್ನೂ ಹವ್ಯಾಸಿಗಳೇ ಕಂಡುಹಿಡಿದರು ಎಂದು ಹ್ಯಾಮ್‌ಗಳು ಹೆಮ್ಮೆಯಿಂದ ಹೇಳುವುದುಂಟು. ಅದು ಸ್ವಲ್ಪ ಹೆಚ್ಚಾಯಿತು. ಮಾರ್ಕೋನಿಯ ಕಂಪನಿಯೂ ಅದೇ ಕಾಲದಲ್ಲಿ ಶಾರ್ಟ್‌ವೇವ್ ಪ್ರಯೋಗ ನಡೆಸುತ್ತಿತ್ತು. ಆದರೆ ಕಡಿಮೆ ಶಕ್ತಿ, ಕಡಿಮೆ ಖರ್ಚಿನಲ್ಲಿ ಇದು ಸಾಧ್ಯ ಎಂದು ನೂರಾರು ಮನೆಗಳಿಂದ ತೋರಿಸಿದವರು ಹವ್ಯಾಸಿಗಳೇ. ಅದಕ್ಕೆ ಸಿಕ್ಕ ಬಹುಮಾನ ನೋಡಿ: ಬೆಲೆ ತಿಳಿದ ಮೇಲೆ ಸರ್ಕಾರಗಳು, ಕಂಪನಿಗಳು ಆ ಜಾಗಕ್ಕೆ ನುಗ್ಗಿದವು. 1927ರ ವಾಷಿಂಗ್ಟನ್ ಸಮ್ಮೇಳನದಲ್ಲಿ ಹವ್ಯಾಸಿಗಳಿಗೆ 160, 80, 40, 20, 10 ಮೀಟರ್ ಹೀಗೆ ಕೆಲವು ಕಿರಿದಾದ ಪಟ್ಟಿಗಳನ್ನು ಬಿಟ್ಟುಕೊಟ್ಟರು. ಅವರು ಇಂದಿಗೂ ಅಲ್ಲೇ ಇದ್ದಾರೆ.

ಆ 18ರ ಹುಡುಗ ಏನಾದ? 1936ರಲ್ಲಿ ಅವರು ಭಾರತಕ್ಕೆ ಬಂದರು, ಆಲ್ ಇಂಡಿಯಾ ರೇಡಿಯೊದ ಮುಖ್ಯ ಎಂಜಿನಿಯರ್ ಆಗಿ. ಇಷ್ಟು ದೊಡ್ಡ ದೇಶವನ್ನು ಮೀಡಿಯಂ ವೇವ್‌ನಿಂದ ತುಂಬಲು ಲೆಕ್ಕವಿಲ್ಲದಷ್ಟು ಸ್ಟೇಷನ್ ಬೇಕು, ಅಷ್ಟು ಹಣ ಇಲ್ಲ. ಶಾಲೆಯಲ್ಲಿ ಕಲಿತ ವಿದ್ಯೆ ಇಲ್ಲಿ ಕೆಲಸಕ್ಕೆ ಬಂತು. 1937-38ರಲ್ಲಿ ದೆಹಲಿ, ಮುಂಬೈ, ಮದ್ರಾಸು, ಕಲ್ಕತ್ತದಲ್ಲಿ ಶಾರ್ಟ್‌ವೇವ್ ಟ್ರಾನ್ಸ್‌ಮಿಟರ್‌ಗಳು ಬಂದವು. ನಮ್ಮ ಮೈಸೂರಿನಲ್ಲಿ ಅದಕ್ಕೂ ಮೊದಲೇ, 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟು ‘ಆಕಾಶವಾಣಿ’ ಶುರುಮಾಡಿದ್ದರು. ಅದು ಹ್ಯಾಮ್ ಅಲ್ಲ, ಪ್ರಸಾರ. ಆದರೂ ಸ್ವಂತ ಆಸಕ್ತಿಯಿಂದ ಕೈ ಹಾಕಿದ ಕೆಲಸ ಎಂಬ ಕಾರಣಕ್ಕೆ ಇಲ್ಲಿ ನೆನಪಾಯಿತು.

ಹ್ಯಾಮ್ ಎಂಬ ಪದದ ಬಗ್ಗೆ ಒಂದು ಮಾತು. ಮೂವರು ಗೆಳೆಯರ ಹೆಸರಿನ ಮೊದಲಕ್ಷರ ಎಂಬ ಕಥೆ ಮೊಬೈಲ್‌ನಲ್ಲಿ ಓಡಾಡುತ್ತಿರುತ್ತದೆ, ನಂಬಬೇಡಿ. ಕೈ ಪಳಗದ ತಂತಿ ಆಪರೇಟರ್‌ನನ್ನು ಹೀಗಳೆಯಲು ಬಳಸುತ್ತಿದ್ದ ಪದ ಅದು. ಬೈಗುಳವನ್ನೇ ಇವರು ಹೆಸರು ಮಾಡಿಕೊಂಡರು.

ಭಾರತದಲ್ಲಿ ಈ ಹವ್ಯಾಸ 1921ರ ಸುಮಾರಿಗೆ ಕಲ್ಕತ್ತದ ಅಮರೇಂದ್ರ ಚಂದ್ರ ಗುಪ್ತು, ಮುಕುಲ್ ಬೋಸ್ ಅವರಿಂದ ಆರಂಭವಾಯಿತು. ಇಂದು ನಮ್ಮ ಕರೆಸಂಕೇತಗಳು ವಿಯು ಅಕ್ಷರಗಳಿಂದ ಶುರುವಾಗುತ್ತವೆ. ಉಪಯೋಗ ಏನು ಎಂದು ಕೇಳುವವರಿಗೆ 2004ರ ಡಿಸೆಂಬರ್ ಸಾಕು. ಹ್ಯಾಮ್ ಆಗಿರುವ ಭಾರತಿ ಪ್ರಸಾದ್ ಅವರು ಬಹುಕಾಲ ಅನುಮತಿಗೆ ಕಾದು ಆ ತಿಂಗಳು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಉದ್ದೇಶ ಹವ್ಯಾಸ ಮಾತ್ರ, ಅಪರೂಪದ ದ್ವೀಪದಿಂದ ಜಗತ್ತಿನ ಹ್ಯಾಮ್‌ಗಳನ್ನು ಸಂಪರ್ಕಿಸುವುದು. 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ಫೋನು ಸತ್ತಿತು. ಅದೇ ಸ್ಟೇಷನ್ ದ್ವೀಪದವರ ಕ್ಷೇಮ ಸಮಾಚಾರವನ್ನು ಮುಖ್ಯ ಭೂಭಾಗಕ್ಕೆ ಮುಟ್ಟಿಸುವ ದಾರಿಯಾಯಿತು. ಮಗ ಬದುಕಿದ್ದಾನೋ ಇಲ್ಲವೋ ಎಂದು ಕಾಯುತ್ತಿದ್ದ ಮನೆಗೆ ಎರಡು ವಾಕ್ಯದ ಸಂದೇಶದ ಬೆಲೆ ಎಷ್ಟೆಂದು, ತಂದೆ ದೂರದೇಶದಲ್ಲಿರುವ ಮಕ್ಕಳಿಗೆ ನಾನು ಹೇಳಬೇಕಾಗಿಲ್ಲ.

ಮರುವರ್ಷ, 2005ರ ಮೇ 5ರಂದು, ಇಸ್ರೊ ಹ್ಯಾಮ್‌ಗಳಿಗಾಗಿಯೇ ‘ಹ್ಯಾಮ್‌ಸ್ಯಾಟ್’ ಎಂಬ 42.5 ಕೆ.ಜಿ.ಯ ಉಪಗ್ರಹ ಹಾರಿಸಿತು. ಅದರ ಎರಡು ಟ್ರಾನ್ಸ್‌ಪಾಂಡರ್‌ಗಳಲ್ಲಿ ಒಂದನ್ನು ನಮ್ಮ ದೇಶದ ಹ್ಯಾಮ್‌ಗಳು ಮಾಡಿದರು, ಇನ್ನೊಂದನ್ನು ಮಾಡಿದವನು ನೆದರ್‌ಲ್ಯಾಂಡ್ಸ್‌ನ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. 2014ರವರೆಗೆ ಅದು ಕೆಲಸ ಮಾಡಿತು.

ಒಂದು ಎಚ್ಚರಿಕೆ. ಆನ್‌ಲೈನ್‌ನಲ್ಲಿ ಅಗ್ಗದ ವಾಕಿಟಾಕಿ ಸಿಗುತ್ತದೆ ಎಂದು ತರಿಸಿ ಬಟನ್ ಒತ್ತಬೇಡಿ. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. ಲೈಸೆನ್ಸ್ ಕೊಡುವುದು ಕೇಂದ್ರ ಸಂವಹನ ಸಚಿವಾಲಯ. 12 ವರ್ಷ ತುಂಬಿದ್ದರೆ ಪರೀಕ್ಷೆ ಬರೆಯಬಹುದು. ಪ್ರಶ್ನೆಗಳು ಎರಡು ವಿಷಯದಲ್ಲಿ ಇರುತ್ತವೆ: ರೇಡಿಯೊ ತತ್ವ ಮತ್ತು ನಿಯಮ. ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಬೇಡ. ಓಮ್‌ನ ನಿಯಮ, ಕೆಪಾಸಿಟರ್, ಎಲ್‌ಸಿ ಸರ್ಕಿಟ್, ಟ್ರಾನ್ಸಿಸ್ಟರ್ ಇವನ್ನು ನೀವು ಹೇಗೂ ಓದುತ್ತೀರಿ. ಲೈಸೆನ್ಸ್ ಬಂದ ಮೇಲೂ ವ್ಯಾಪಾರದ ಮಾತು, ಹಾಡು ಹಾಕುವುದು ನಿಷಿದ್ಧ.

ಕೇಳಲು ಮಾತ್ರ ಇವತ್ತೇ ಶುರುಮಾಡಬಹುದು. ನೆದರ್‌ಲ್ಯಾಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯ ತನ್ನ ರಿಸೀವರನ್ನು ಇಂಟರ್ನೆಟ್‌ನಲ್ಲಿ ತೆರೆದಿಟ್ಟಿದೆ, ಮೊಬೈಲ್‌ನಲ್ಲೇ ಶಾರ್ಟ್‌ವೇವ್ ತಿರುಗಿಸಿ ನೋಡಬಹುದು. ಆದರೆ ಸ್ವಂತ ತಂತಿಯಲ್ಲಿ ಕೇಳುವ ಖುಷಿ ಬೇರೆ. ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಝ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ಮೀಟರ್‌ನಲ್ಲಿ ಸಿಗುತ್ತದೆ. 7.1ಕ್ಕೆ ಅದು ಸುಮಾರು 42 ಮೀಟರ್, ಅರ್ಧ ಅಲೆ 21. ತಂತಿಯ ತುದಿಯ ಪರಿಣಾಮಕ್ಕೆ ಶೇಕಡಾ 5 ಕಡಿಮೆ ಮಾಡಿ, 20 ಮೀಟರ್ ಎಂದಿಟ್ಟುಕೊಳ್ಳಿ. ನಡುವೆ ಕತ್ತರಿಸಿ ಎರಡೂ ಕಡೆ 10 ಮೀಟರ್ ಎಳೆದರೆ 40 ಮೀಟರ್ ಬ್ಯಾಂಡಿನ ಡೈಪೋಲ್ ಆ್ಯಂಟೆನಾ ಸಿದ್ಧ. ಮನೆ ವೈರಿಂಗ್‌ನ ತಾಮ್ರದ ತಂತಿ ಸಾಕು. ಕರೆಂಟ್ ಲೈನಿನಿಂದ ದೂರ ಕಟ್ಟಬೇಕು, ಮಳೆಗಾಲದಲ್ಲಿ ಸಿಡಿಲಿನ ಹೊತ್ತಿಗೆ ಕಳಚಿಡಬೇಕು.

ಪರೀಕ್ಷೆ ಮುಗಿದ ಮೇಲೆ ಇಂಥದ್ದೊಂದನ್ನು ಕಾಲೇಜಿನ ಟೆರೇಸಿನಲ್ಲಿ ಕಟ್ಟುವ ಆಸೆ ನನಗಿದೆ. ಆಸಕ್ತಿ ಇರುವವರು ಫಿಸಿಕ್ಸ್ ಲ್ಯಾಬಿಗೆ ಬಂದು ಹೆಸರು ಕೊಡಿ. ತಂತಿ ನಾನು ತರುತ್ತೇನೆ. ಟೆರೇಸಿನ ಬೀಗದ ಕೈ ಪ್ರಾಂಶುಪಾಲರ ಬಳಿ ಇದೆ, ಅವರೂ ಈ ಲೇಖನ ಓದುತ್ತಾರೆಂದು ನಂಬಿದ್ದೇನೆ.