ಕಟ್ಟಕಡೆಯ ಗ್ಲೈಡರೂ ಮನೆಗೆ ಬರಲಿ

ಚಿ. ಮಗಳಿಗೆ,


ಓದಲೆಂದು ಇಂಗ್ಲೆಂಡಿಗೆ ಹೋದ ಹುಡುಗಿ ಎಂಜಿನ್ನೇ ಇಲ್ಲದ ವಿಮಾನ ಹಾರಿಸುತ್ತಾಳೆ ಎಂಬ ಸುದ್ದಿಯನ್ನು ಮನೆಯವರು ಇನ್ನೂ ಪೂರ್ತಿ ಅರಗಿಸಿಕೊಂಡಿಲ್ಲ. ಅಷ್ಟರಲ್ಲೇ ಕ್ಲಬ್ಬಿನವರು ಆಗಸ್ಟಿನ ಒಂದು ವಾರಾಂತ್ಯದ ಪುಟ್ಟ ಗ್ಲೈಡರ್ ರೇಸನ್ನು ನಡೆಸುವ ಹೊಣೆಯನ್ನೂ ನಿನ್ನ ತಲೆಗೆ ಕಟ್ಟಿದ್ದಾರೆ. ಹನ್ನೆರಡು ಗ್ಲೈಡರು, ಅವನ್ನು ಎಳೆದೊಯ್ಯಲು ಎರಡು ಟಗ್ ವಿಮಾನ, ಎರಡು ದಿನ. ದೊಡ್ಡ ಬಹುಮಾನವಿಲ್ಲ, ಪತ್ರಿಕೆಯವರು ಬರುವುದಿಲ್ಲ. ‘ಸುಮ್ಮನೆ ನಮ್ಮ ನಮ್ಮಲ್ಲೇ’ ಎಂದು ಹೇಳಿಯೇ ಒಪ್ಪಿಸಿರುತ್ತಾರೆ. ಇಂಥ ಕೆಲಸಕ್ಕೆ ಮೊದಲ ಸಲ ಕೈಹಾಕಿದ ಬೇರೆಯವರಿಗೂ ಉಪಯೋಗವಾಗಲಿ ಎಂದು ಈ ಪತ್ರವನ್ನು ಬಹಿರಂಗವಾಗಿ ಬರೆದಿದೆ.

ಸ್ಪರ್ಧೆಯ ನಿರ್ದೇಶಕರಾದವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಗೆಲ್ಲುವವರ ಬಗ್ಗೆ. ಕ್ಲಬ್ಬಿನ ಪಳಗಿದ ಕೈಗಳಿಗೆ ರೇಸು ಸಪ್ಪೆ ಎನಿಸಬಾರದು ಎಂದು ದೂರ ಹೆಚ್ಚಿಸುತ್ತಾರೆ. ಎಡವುವುದು ಅಲ್ಲೇ. ಪಳಗಿದವರು ಯಾವ ಟಾಸ್ಕ್, ಅಂದರೆ ಆ ದಿನ ಸುತ್ತಿ ಬರಬೇಕಾದ ಹಾದಿ, ಕೊಟ್ಟರೂ ಹಾರಿ ಬರುತ್ತಾರೆ. ಲೆಕ್ಕ ಶುರುವಾಗಬೇಕಾದದ್ದು ಪಟ್ಟಿಯ ತಳದಲ್ಲಿರುವ ಹೆಸರಿನಿಂದ: ಮೊನ್ನೆ ಮೊನ್ನೆ ಸಿಲ್ವರ್ ಬ್ಯಾಡ್ಜಿಗೆ ಬೇಕಾದ 50 ಕಿ.ಮೀ. ಹಾರಾಟ ಮುಗಿಸಿ, ಕ್ಲಬ್ಬಿನ ಹಳೆಯ ಗ್ಲೈಡರಿನಲ್ಲಿ ಮೊದಲ ರೇಸಿಗೆ ಬಂದ ಹುಡುಗನಿಂದ.

ಗ್ಲೈಡರ್ ಸ್ಪರ್ಧೆಗಳು ಹುಟ್ಟಿದ್ದೂ ನಿಮ್ಮ ರೇಸಿನಂತೆಯೇ, ಉತ್ಸಾಹಿಗಳ ಪುಟ್ಟ ಕೂಟವಾಗಿ. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಗೆ ಎಂಜಿನ್ ವಿಮಾನಗಳ ವಿಷಯದಲ್ಲಿ ವರ್ಸೇಲ್ಸ್ ಒಪ್ಪಂದ ಕೈ ಕಟ್ಟಿಹಾಕಿತ್ತು. 1920ರಲ್ಲಿ ‘ಫ್ಲುಗ್‌ಸ್ಪೋರ್ಟ್’ ಪತ್ರಿಕೆಯ ಸಂಪಾದಕ ಓಸ್ಕರ್ ಉರ್ಸಿನುಸ್ ಹಾರುವ ಹುಚ್ಚಿನವರನ್ನೆಲ್ಲ ವಾಸರ್‌ಕುಪ್ಪೆ ಗುಡ್ಡಕ್ಕೆ ಕರೆದರು. ಆ ವರ್ಷ ಗೆದ್ದ ವೋಲ್ಫ್‌ಗಾಂಗ್ ಕ್ಲೆಂಪೆರರ್ ಗಾಳಿಯಲ್ಲಿದ್ದದ್ದು 2 ನಿಮಿಷ 22 ಸೆಕೆಂಡು; ದಾಟಿದ ದೂರ 1,830 ಮೀಟರ್. ಎರಡೇ ವರ್ಷದಲ್ಲಿ, ಅದೇ ಗುಡ್ಡದ ಮೇಲೆ, ಹೆಂಟ್ಸೆನ್ ಎಂಬ ಪೈಲಟ್ ಮೂರು ಗಂಟೆಗೂ ಮೀರಿ ಹಾರಿದರು. 1937ರಲ್ಲಿ ಮೊದಲ ವಿಶ್ವ ಮಟ್ಟದ ಸ್ಪರ್ಧೆ ನಡೆದದ್ದೂ ಅಲ್ಲೇ. ಈ ಕತೆಯನ್ನು ಗ್ಲೈಡರ್ ಕ್ಲಬ್ಬುಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. 1920ರ ಆ ಮೊದಲ ಕೂಟದಲ್ಲೇ ಓಯ್ಗೆನ್ ಫಾನ್ ಲೋಸ್ಲ್ ಎಂಬ ಸ್ಪರ್ಧಿ ಗ್ಲೈಡರ್ ಬಿದ್ದು ತೀರಿಕೊಂಡ ಸಂಗತಿಯನ್ನು ಅಷ್ಟಾಗಿ ಹೇಳುವುದಿಲ್ಲ. ಕೂಟ ಚಿಕ್ಕದು ಎಂದ ಮಾತ್ರಕ್ಕೆ ಅಪಾಯ ಚಿಕ್ಕದಾಗುವುದಿಲ್ಲ.

ನೀನಿರುವ ದೇಶದಲ್ಲಿ ಈ ಕೆಲಸಕ್ಕೆ ಒಳ್ಳೆಯ ಮೇಲ್ಪಂಕ್ತಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ವಿಮಾನಗಳನ್ನು ಒಂದು ನೆಲೆಯಿಂದ ಇನ್ನೊಂದಕ್ಕೆ ಹಾರಿಸಿ ತಲುಪಿಸುತ್ತಿದ್ದ ಆ್ಯನ್ ವೆಲ್ಚ್, 1965ರಲ್ಲಿ ಸೌತ್ ಸರ್ನಿಯಲ್ಲಿ ನಡೆದ ವಿಶ್ವ ಗ್ಲೈಡಿಂಗ್ ಚಾಂಪಿಯನ್‌ಷಿಪ್ಪನ್ನು ನಿರ್ದೇಶಿಸಿದರು. ಪುಟ್ಟ ಕೂಟಗಳಿಗೆ ಮಾದರಿ ಬೇಕಿದ್ದರೆ ಇಂಗ್ಲೆಂಡಿನ ಇಂಟರ್-ಕ್ಲಬ್ ಲೀಗ್ ಇದೆ. ಅಕ್ಕಪಕ್ಕದ ಕ್ಲಬ್ಬುಗಳು ವಾರಾಂತ್ಯದಲ್ಲಿ ಸೇರುತ್ತವೆ; ಹೊಸಬರು, ನಡುವಿನವರು, ನುರಿತವರು ಎಂದು ಮೂರು ದರ್ಜೆ. ನುರಿತವರು 250 ಕಿ.ಮೀ. ಸುತ್ತಿ ಬರಬಹುದಾದ ದಿನ ಹೊಸಬರಿಗೆ ಅದರ ಅರ್ಧವೂ ಸಾಕು. ಎಲ್ಲರನ್ನೂ ಒಂದೇ ಟಾಸ್ಕಿಗೆ ಕಟ್ಟಿಹಾಕಬೇಕಿಲ್ಲ ಎನ್ನುವುದೇ ಆ ಲೀಗಿನ ಜಾಣತನ.

ಟಾಸ್ಕಿನ ದೂರವನ್ನು ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕುವುದು ಒಳ್ಳೆಯ ಪದ್ಧತಿ. ಸಂಜೆ ಐದಕ್ಕೆ ಥರ್ಮಲ್‌ಗಳು, ಅಂದರೆ ಗ್ಲೈಡರನ್ನು ಮೇಲೆತ್ತುವ ಬಿಸಿಗಾಳಿಯ ಕಂಬಗಳು, ಸೊರಗುತ್ತವೆ ಎಂದು ಮುನ್ಸೂಚನೆ ಇದೆ ಎಂದುಕೊಳ್ಳೋಣ. ಒಂದು ಟಗ್ ಒಂದು ಗ್ಲೈಡರನ್ನು 2,000 ಅಡಿಗೆ ಎಳೆದೊಯ್ದು ಬಿಟ್ಟು, ಇಳಿದು, ಮುಂದಿನದಕ್ಕೆ ಹಗ್ಗ ಸಿಕ್ಕಿಸಿಕೊಳ್ಳಲು ಹತ್ತು ನಿಮಿಷ ಹಿಡಿದರೆ, ಎರಡು ಟಗ್‌ಗಳಿಂದ ಹನ್ನೆರಡು ಗ್ಲೈಡರು ಮೇಲೇರಲು ಒಂದು ಗಂಟೆ. ಕೊನೆಯ ಗ್ಲೈಡರಿಗೂ ಎತ್ತರ ಗಳಿಸಿಕೊಳ್ಳಲು ಅವಕಾಶ ಸಿಗಲೆಂದು ಸ್ಟಾರ್ಟ್ ಲೈನ್ ತೆರೆಯುವುದು ಅದಾಗಿ ಹದಿನೈದು ನಿಮಿಷಕ್ಕೆ. ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ಟಗ್ ಎದ್ದರೆ ರೇಸು ಶುರುವಾಗುವುದು ಒಂದೂಕಾಲಿಗೆ. ಉಳಿದದ್ದು ಮೂರೂಮುಕ್ಕಾಲು ಗಂಟೆ. ಅದರಲ್ಲಿ ತಡವಾಗಿ ಹೊರಡುವವರಿಗೆ, ದಾರಿಯಲ್ಲಿ ಸಿಕ್ಕಿಬೀಳುವವರಿಗೆ ಎಂದು ಒಂದೂಕಾಲು ಗಂಟೆ ಕಳೆ. ಮಿಕ್ಕ ಎರಡೂವರೆ ಗಂಟೆಯಲ್ಲಿ ಗಂಟೆಗೆ 55 ಕಿ.ಮೀ. ಸರಾಸರಿಯ ಹುಡುಗ ಹಾರಬಲ್ಲದ್ದು 137 ಕಿ.ಮೀ. ಅವನ ಟಾಸ್ಕ್ 130 ಮೀರಕೂಡದು.

ಹ್ಯಾಂಡಿಕ್ಯಾಪ್ ಇದೆಯಲ್ಲ, ಅದು ಎಲ್ಲ ಸರಿದೂಗಿಸುತ್ತದೆ ಎನ್ನುವವರು ಪ್ರತಿ ಕ್ಲಬ್ಬಿನಲ್ಲೂ ಇರುತ್ತಾರೆ. ನಿಶ್ಚಲ ಗಾಳಿಯಲ್ಲಿ ಸಾವಿರ ಮೀಟರ್ ಎತ್ತರದಿಂದ ಹಳೆಯ ಕೆ-8 ಸುಮಾರು 27 ಕಿ.ಮೀ. ಜಾರಿ ಹೋಗುತ್ತದೆ, ಕ್ಲಬ್ಬಿನ ಎರಡು ಸೀಟಿನ ಕೆ-21 ಸುಮಾರು 34, ಉದ್ದ ರೆಕ್ಕೆಯ ದೊಡ್ಡ ಓಪನ್ ಕ್ಲಾಸ್ ಗ್ಲೈಡರು 60ರ ಹತ್ತಿರ. ಈ ಅಂತರಕ್ಕೆ ತಕ್ಕಂತೆ ವೇಗವನ್ನು ಹ್ಯಾಂಡಿಕ್ಯಾಪ್ ಅಂಕಿಯಿಂದ ಭಾಗಿಸುತ್ತಾರೆ. ಅಂಕಿ ಸ್ಥಿರ, ಗಾಳಿ ಸ್ಥಿರವಲ್ಲ. ಒಂದು ಗ್ಲೈಡರಿನ ಸರಾಸರಿ 55, ಇನ್ನೊಂದರದು 90 ಎಂದಿಟ್ಟುಕೊಂಡರೆ ನಿಧಾನದ್ದು ವೇಗದ್ದರ ಶೇ. 61ರಷ್ಟು ಓಡುತ್ತದೆ. ಎದುರಿನಿಂದ 30 ಕಿ.ಮೀ. ಗಾಳಿ ಬೀಸಿತೋ, ಒಂದು 25ಕ್ಕೆ ಇಳಿಯುತ್ತದೆ, ಇನ್ನೊಂದು 60ಕ್ಕೆ. ಈಗ ಅದು ಬರೀ ಶೇ. 42. ಹ್ಯಾಂಡಿಕ್ಯಾಪ್ ಪಟ್ಟಿಗೆ ಇದರ ಸುಳಿವೇ ಇರುವುದಿಲ್ಲ. ಗಾಳಿ ಜೋರಿರುವ ದಿನ ಎದುರುಗಾಳಿಯ ಹಾದಿಯನ್ನು ಮೊದಲಿಗೇ, ಥರ್ಮಲ್ ಗಟ್ಟಿಯಿರುವಾಗಲೇ ಮುಗಿಸುವಂತೆ ತಿರುವುಗಳನ್ನು ಇಟ್ಟು, ಕೊನೆಯ ಹಾದಿಯನ್ನು ಬೆನ್ನುಗಾಳಿಗೆ ಬಿಡಬೇಕು. ದಣಿದವರನ್ನು ಗಾಳಿಯೇ ಮನೆಗೆ ತಳ್ಳುತ್ತದೆ.

ಇದಕ್ಕಿಂತ ಸಲೀಸಾದ ಇನ್ನೊಂದು ದಾರಿ ಏರಿಯಾ ಟಾಸ್ಕ್. ಇಂತಿಷ್ಟು ಹೊತ್ತು ಎಂದು ಗೊತ್ತು ಮಾಡಿ, ತಿರುವಿನ ಜಾಗದಲ್ಲಿ ದೊಡ್ಡ ವೃತ್ತಗಳನ್ನು ಎಳೆದು ಕೊಡುತ್ತಾರೆ. ವೃತ್ತದೊಳಗೆ ಎಷ್ಟು ಆಳಕ್ಕೆ ಹೋಗಿ ತಿರುಗಬೇಕು ಎಂಬುದು ಪೈಲಟ್‌ಗೆ ಬಿಟ್ಟದ್ದು. ಹೊಸಬ ಅಂಚನ್ನು ಮುಟ್ಟಿ ತಿರುಗುತ್ತಾನೆ, ನುರಿತವ ಆಚೆ ತುದಿಯವರೆಗೂ ಹೋಗಿ ಬರುತ್ತಾನೆ. ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮನೆ ಸೇರುತ್ತಾರೆ. ಬೇಗ ಬಂದವರಿಗೆ ಲಾಭವಿಲ್ಲ. ಅವರ ದೂರವನ್ನೂ ನಿಗದಿತ ಅವಧಿಯಿಂದಲೇ ಭಾಗಿಸುತ್ತಾರೆ. ತರಹೇವಾರಿ ಗ್ಲೈಡರು ಸೇರುವ ಕೂಟಕ್ಕೆ ಹೇಳಿ ಮಾಡಿಸಿದ್ದು ಇದು.

ಹೊಸಬರನ್ನು ಕೂರಿಸಿಕೊಳ್ಳಲು ಎರಡು ಸೀಟಿನ ಗ್ಲೈಡರೊಂದು ಸ್ಪರ್ಧೆಯಲ್ಲಿರುವುದು ಲೇಸು. ಭಾರತದಲ್ಲೂ ಒಂದು ಕಾಲಕ್ಕೆ ಕಲಿಕೆಗೆ ಸ್ವದೇಶಿ ಗ್ಲೈಡರುಗಳಿದ್ದವು. ನಾಗರಿಕ ವಿಮಾನಯಾನ ಇಲಾಖೆಯ ತಾಂತ್ರಿಕ ಕೇಂದ್ರದಲ್ಲಿ ಎಸ್. ರಾಮಾಮೃತಂ ಮತ್ತಿತರರು ರೂಪಿಸಿದ ಗ್ಲೈಡರುಗಳಿಗೆ ಅಶ್ವಿನಿ, ಭರಣಿ, ಕಾರ್ತಿಕ್, ರೋಹಿಣಿ, ಮೃಗಶಿರ ಎಂದು ಪಂಚಾಂಗದ ಸಾಲಿನಂತೆ ಹೆಸರು ಬಿದ್ದವು. 1960ರ ದಶಕದ ಎರಡು ಸೀಟಿನ ರೋಹಿಣಿಯಲ್ಲಿ ಗುರು ಶಿಷ್ಯರು ಅಕ್ಕಪಕ್ಕವೇ ಕೂರುತ್ತಿದ್ದರು. ಎಚ್‌ಎಎಲ್ ತಯಾರಿಸಿದ ಆರ್ದ್ರಾ ಆಮೇಲೆ ಬಂದದ್ದು.

ಇನ್ನು ಬ್ರೀಫಿಂಗ್. ಅದು ಇಪ್ಪತ್ತು ನಿಮಿಷ ಮೀರಬಾರದು, ಹೇಳಿದ್ದೆಲ್ಲ ಒಂದು ಹಾಳೆಯಲ್ಲಿ ಅಚ್ಚಾಗಿ ಕೈಯಲ್ಲಿರಬೇಕು: ಟಾಸ್ಕ್, ತಿರುವುಗಳು, ಸ್ಟಾರ್ಟ್ ಎತ್ತರದ ಮಿತಿ, ರೇಡಿಯೋ ಆವರ್ತನ, ಅಂದಿನ ನೋಟಾಮ್ (ಪೈಲಟ್‌ಗಳಿಗೆ ಹೊರಡಿಸುವ ಸೂಚನೆ), ನಿರ್ಬಂಧಿತ ವಾಯುಪ್ರದೇಶ. ದಕ್ಷಿಣ ಇಂಗ್ಲೆಂಡಿನ ಆಕಾಶದಲ್ಲಿ ಲುಟನ್, ಬ್ರೈಜ್ ನಾರ್ಟನ್ ಮೊದಲಾದ ವಿಮಾನ ನಿಲ್ದಾಣಗಳ ಪಹರೆ ದಟ್ಟ. ಅವುಗಳ ಗಡಿಯೊಳಗೆ ನುಗ್ಗಿದವರಿಗೆ ಆ ದಿನ ಸೊನ್ನೆ ಅಂಕ ಎಂದು ಮೊದಲೇ ಹೇಳಿಬಿಟ್ಟರೆ ಆಮೇಲೆ ದಾಕ್ಷಿಣ್ಯಕ್ಕೆ ಸಿಕ್ಕಿಕೊಳ್ಳುವ ಪ್ರಮೇಯವಿಲ್ಲ. ಜೊತೆಗೊಂದು ‘ಬಿ’ ಟಾಸ್ಕ್, ಅಂದರೆ ಹವೆ ಕೈಕೊಟ್ಟರೆ ಬಳಸಲು ಬದಲಿ ಟಾಸ್ಕ್, ಜೇಬಿನಲ್ಲಿರಬೇಕು. ಗ್ಲೈಡರುಗಳು ಸಾಲಾಗಿ ನಿಂತ ಮೇಲೆ ಒಬ್ಬ ಅನುಭವಿಯನ್ನು ಎಲ್ಲರಿಗಿಂತ ಮೊದಲು ಮೇಲೆ ಕಳಿಸಿ, ‘ಮೇಲೆ ನಿಲ್ಲಬಹುದು’ ಎಂದು ರೇಡಿಯೋದಲ್ಲಿ ಹೇಳಿದ ಮೇಲಷ್ಟೇ ಮಿಕ್ಕವರ ಸರದಿ. ಅವನೇ ಹತ್ತು ನಿಮಿಷಕ್ಕೆ ಇಳಿದುಬಂದರೆ ಇನ್ನೊಂದು ಗಂಟೆ ಕಾದು, ಟಾಸ್ಕ್ ಕುಗ್ಗಿಸುವುದು, ಅದೂ ಸಾಗದಿದ್ದರೆ ದಿನವನ್ನೇ ರದ್ದು ಮಾಡುವುದು. ಗೊಣಗುವವರು ಗೊಣಗಲಿ. ಎಲ್ಲರೂ ನೆಲದ ಮೇಲಿರುವಾಗ ರದ್ದು ಮಾಡುವುದು ಸುಲಭ, ಹನ್ನೆರಡೂ ಮೇಲಿದ್ದಾಗ ಕಷ್ಟ.

ರೇಸಿನ ಅತಿ ಅಪಾಯದ ಹೊತ್ತು ಸ್ಟಾರ್ಟಿಗೆ ಮುಂಚಿನದು. ಲೈನ್ ತೆರೆಯಲು ಕಾಯುತ್ತ ಆರೇಳು ಗ್ಲೈಡರು ಒಂದೇ ಥರ್ಮಲ್‌ನಲ್ಲಿ ಸುತ್ತುತ್ತಿರುತ್ತವೆ. ದೇವಸ್ಥಾನದ ಪ್ರದಕ್ಷಿಣೆಯಂತೆ ಎಲ್ಲರದೂ ಒಂದೇ ದಿಕ್ಕು. ವ್ಯತ್ಯಾಸ ಇಷ್ಟೇ, ಇಲ್ಲಿ ದಿಕ್ಕನ್ನು ನಿಶ್ಚಯಿಸುವುದು ಮೊದಲು ಬಂದವರು. 2004ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಫ್ಲಾರ್ಮ್ ಸಾಧನ ಹತ್ತಿರದ ಗ್ಲೈಡರಿನ ಎಚ್ಚರಿಕೆ ಕೊಡುತ್ತದೆ, ನಿಜ. ಆದರೂ ಕಣ್ಣು ಹೊರಗಿರಲಿ ಎಂಬ ಮಾತು ಪ್ರತಿ ಬ್ರೀಫಿಂಗಿನಲ್ಲೂ ಬರಬೇಕು. ಮುಕ್ತಾಯಕ್ಕೂ ಹುಲ್ಲು ಸವರಿಕೊಂಡು ನುಗ್ಗಿ ಬರುವ ಹಳೆಯ ಶೋಕಿ ಬೇಡ. ಏರ್‌ಫೀಲ್ಡಿನ ಸುತ್ತ 3 ಕಿ.ಮೀ.ಗೆ ಒಂದು ವೃತ್ತ ಎಳೆದು, ಇಂತಿಷ್ಟು ಎತ್ತರದಲ್ಲಿ ಅದನ್ನು ದಾಟಿದರೆ ಮುಗಿಯಿತು ಎಂದರೆ ಇಳಿಯಲು ಎಲ್ಲರಿಗೂ ಪುರುಸೊತ್ತು ಸಿಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದಿಬ್ಬರು ಯಾರದೋ ಹೊಲದಲ್ಲಿ ಇಳಿದೇ ಇಳಿಯುತ್ತಾರೆ. ಆಗಸ್ಟಿನಲ್ಲಿ ಗೋಧಿ, ಬಾರ್ಲಿ ಕಟಾವಾದ ಕೂಳೆ ಹೊಲಗಳು ಸಿಗುವುದು ಪುಣ್ಯ. ಹೊಲದ ಉದ್ದ, ಇಳಿಜಾರು, ನೆಲ, ದನಕುರಿ, ಸುತ್ತಲ ತಂತಿ ಎಂಬ ಐದನ್ನೂ ಮೇಲಿಂದಲೇ ನೋಡಿ ಇಳಿಯಬೇಕೆಂದು ಹೊಸಬರಿಗೆ ಮತ್ತೊಮ್ಮೆ ಹೇಳಿದರೆ ತಪ್ಪಿಲ್ಲ. ಇಳಿದ ಮೇಲೆ ಮೊದಲು ಕ್ಲಬ್ಬಿಗೆ ಫೋನು, ಆಮೇಲೆ ರೈತರ ಮನೆಗೆ ಹೋಗಿ ಕ್ಷಮೆ ಕೇಳುವುದು. ಟ್ರೇಲರ್ ಬರುವವರೆಗೆ ಹೊಲದ ಗೇಟು ತೆರೆದಿಡಬಾರದು.

ಅಂಕಗಳ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ. ದೊಡ್ಡ ಸ್ಪರ್ಧೆಗಳ ಸಾವಿರ ಅಂಕದ ಸೂತ್ರ ಇಲ್ಲಿಗೆ ಭಾರ. 2005ರಲ್ಲಿ ಫ್ರಾನ್ಸಿನ ಸೇಂಟ್-ಓಬಾನ್‌ನಲ್ಲಿ ಮೊದಲ ವಿಶ್ವ ಗ್ರ್ಯಾನ್ ಪ್ರಿ ನಡೆದಾಗ ಎಲ್ಲರೂ ಒಟ್ಟಿಗೇ ಹೊರಟು, ಮೊದಲು ಬಂದವರೇ ಗೆದ್ದವರು ಎಂಬ ಸರಳ ನಿಯಮ ಇತ್ತು. ಪೋಲೆಂಡಿನ ಸೆಬಾಸ್ಟಿಯನ್ ಕಾವಾ ಗೆದ್ದರು. ಹ್ಯಾಂಡಿಕ್ಯಾಪ್ ಇರುವ ಕಡೆ ಅಷ್ಟು ಸರಳ ಆಗದಿದ್ದರೂ, ದಿನದಿನದ ಸ್ಥಾನಕ್ಕೆ ಇಷ್ಟು ಅಂಕ ಎಂದು ಕೂಡಿಸಿದರೆ ಸಾಕು. ಎಲ್ಲರೂ ರಾತ್ರಿ ಎಂಟರೊಳಗೆ ತಮ್ಮ ಹಾರಾಟದ ದಾಖಲೆಯಾದ ಐಜಿಸಿ ಫೈಲು ಕೊಡಬೇಕು. ತಕರಾರು ಮರುದಿನದ ಬ್ರೀಫಿಂಗಿಗೆ ಮುಂಚೆ, ಬರಹದಲ್ಲಿ.

ಆ ಎರಡು ದಿನ ನೀನು ಮಾತ್ರ ಹಾರಬೇಡ, ಎಷ್ಟೇ ಆಸೆಯಾಗಲಿ. ಮೇಲೆ ಹೋದವರ ಹೆಸರು, ಫೋನು, ಕಾರಿನ ಕೀಲಿ ಎಲ್ಲಿದೆ ಎಂಬುದು, ಕರೆತರಲು ಹೋಗುವವರು ಯಾರು, ಇಷ್ಟೂ ಇರುವ ಪಟ್ಟಿ ನಿನ್ನ ಕೈಯಲ್ಲಿರಲಿ. ಇಳಿದವರ ಹೆಸರಿಗೆ ಗೀಟು ಹಾಕುತ್ತ ಹೋಗು. ಟ್ರೇಲರುಗಳ ಟೈರು, ಹಿಂದಿನ ದೀಪಗಳನ್ನು ಶುಕ್ರವಾರ ಸಂಜೆಯೇ ನೋಡಿಸಿಬಿಡು, ಶನಿವಾರ ಅದಕ್ಕೆ ಬಿಡುವಿರುವುದಿಲ್ಲ. ಟಾಸ್ಕಿನ ಹಾಳೆ ತಯಾರಾದ ಕೂಡಲೇ ಇಲ್ಲಿಗೊಂದು ಪ್ರತಿ ಕಳಿಸು. ನಿನ್ನ ಅಪ್ಪನಿಗೆ ನಕ್ಷೆ ಹರಡಿ ತೋರಿಸಿ ಸಮಾಧಾನ ಹೇಳುವ ಕೆಲಸ ಇನ್ನೂ ಬಾಕಿ ಇದೆ.

ಇತಿ,
ನಿನ್ನ ದೊಡ್ಡಪ್ಪ