ಎಲೆಯ ಮೇಲಿನ ಹನಿ

ಮುಂಗಾರಿನ ಮಳೆ ಸುರಿದು ನಿಂತ ಮೇಲೆ ಹಿತ್ತಿಲು ಸ್ವಲ್ಪ ಹೊತ್ತು ಬೇರೆಯೇ ಆಗಿ ಕಾಣುತ್ತದೆ. ಮಾಡಿನ ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ದಾಸವಾಳದ ಎಲೆ, ಗುಲಾಬಿಯ ಎಸಳು, ಬೇಲಿಯ ಬದಿಯ ಕೆಸು, ಕಾಲ ಕೆಳಗಿನ ಗರಿಕೆ ಎಲ್ಲವೂ ಹನಿಗಳನ್ನು ಹೊತ್ತು ನಿಂತಿರುತ್ತವೆ. ಈ ಹೊತ್ತಿಗಾಗಿಯೇ ಕಾದಿದ್ದು ಕ್ಯಾಮರಾ ಹಿಡಿದು ಅಂಗಳಕ್ಕೆ ಇಳಿಯುವವರಿದ್ದಾರೆ. ಅವರಿಗೆ ದೊರೆಯುವ ಅವಧಿ ಬಹಳ ಕಿರಿದು. ಬಿಸಿಲು ಬಲಿತರೆ ಹನಿ ಆರುತ್ತದೆ; ಗಾಳಿ ಬೀಸಿದರೆ ಉದುರುತ್ತದೆ. ಗುಬ್ಬಚ್ಚಿಯೊಂದು ರೆಂಬೆಯ ಮೇಲೆ ಕುಳಿತರೂ ಸಾಕು, ಅರ್ಧ ಗಂಟೆಯ ಶ್ರಮ ನೆಲದ ಪಾಲಾಗುತ್ತದೆ.

ಹನಿಯ ಚಿತ್ರ ತೆಗೆಯಹೊರಟವರು ಮೊದಲು ಕಂಡುಕೊಳ್ಳುವ ಸಂಗತಿಯೆಂದರೆ, ಒಂದೇ ಮೋಡದಿಂದ ಬಿದ್ದ ನೀರು ಗಿಡದಿಂದ ಗಿಡಕ್ಕೆ ಬೇರೆ ಬೇರೆ ರೂಪ ತಾಳುತ್ತದೆ ಎಂಬುದು. ನೀರಿನ ಕಣಗಳು ಪರಸ್ಪರ ಸೆಳೆಯುವುದರಿಂದ ನೀರಿನ ಹೊರಮೈ ಆದಷ್ಟು ಕಿರಿದಾಗಲು ಯತ್ನಿಸುತ್ತದೆ. ಇದನ್ನೇ ಮೇಲ್ಮೈ ಎಳೆತ ಎನ್ನುವುದು. ಅತಿ ಕಡಿಮೆ ಹೊರಮೈಯುಳ್ಳ ಆಕಾರ ಗೋಳವಾದುದರಿಂದ ಸಣ್ಣ ಹನಿ ದುಂಡಗಾಗುತ್ತದೆ. ದೊಡ್ಡದಾದರೆ ತನ್ನ ಭಾರಕ್ಕೆ ತಾನೇ ಕುಸಿದು ಚಪ್ಪಟೆಯಾಗುತ್ತದೆ. ಆದರೆ ಎಲೆಯೂ ನೀರನ್ನು ತನ್ನತ್ತ ಸೆಳೆಯುತ್ತದೆ. ಈ ಸೆಳೆತ ಹೆಚ್ಚಾಗಿರುವ ಎಲೆಯ ಮೇಲೆ ಹನಿ ಹರಡಿಕೊಂಡು ಮಲಗುತ್ತದೆ. ಕೆಸುವಿನ ಎಲೆಯ ರೀತಿಯೇ ಬೇರೆ. ಅದರ ಮೈತುಂಬ ಬರಿಗಣ್ಣಿಗೆ ಕಾಣದ ಉಬ್ಬುಗಳೂ ಅವುಗಳ ಮೇಲೆ ಮೇಣದ ಲೇಪವೂ ಇವೆ. ಹನಿ ಈ ಉಬ್ಬುಗಳ ನೆತ್ತಿಯನ್ನಷ್ಟೇ ಮುಟ್ಟುತ್ತದೆ. ಉಳಿದೆಡೆ ಅದರ ಅಡಿಯಲ್ಲಿರುವುದು ಗಾಳಿಯ ತೆಳು ಪದರ. ಆ ಪದರದಿಂದ ಬೆಳಕು ಪ್ರತಿಫಲಿಸಿ ಹನಿಯ ತಳ ಬೆಳ್ಳಿಯಂತೆ ಹೊಳೆಯುತ್ತದೆ. ತಾವರೆಯ ಎಲೆಯೂ ಇಂಥದೇ. ಅದರ ಮೇಲಣ ನೀರನ್ನು ನಮ್ಮವರು ನಿರ್ಲಿಪ್ತತೆಗೆ ಹೋಲಿಸುತ್ತ ಬಂದು ಎಷ್ಟು ಕಾಲವಾಯಿತೋ! ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಟ್‌ಲಾಟ್ ಮತ್ತು ನೈನ್‌ಹೂಯಿಸ್ 1997ರಲ್ಲಿ ಇದರ ಇನ್ನೊಂದು ಮುಖವನ್ನು ವಿವರಿಸಿದರು: ಉರುಳುವ ಹನಿ ಎಲೆಯ ಮೇಲಿನ ಧೂಳನ್ನೂ ಹೊತ್ತೊಯ್ದು ಎಲೆಯನ್ನು ಶುಚಿಗೊಳಿಸುತ್ತದೆ. ಗುಲಾಬಿಯ ಎಸಳಿನ ಮೇಲೂ ಹನಿ ದುಂಡಗೆ ನಿಲ್ಲುತ್ತದೆ. ಆದರೆ ಅದು ಉರುಳುವುದಿಲ್ಲ. ಎಸಳನ್ನು ತಲೆಕೆಳಗಾಗಿ ಹಿಡಿದರೂ ಅಂಟಿಕೊಂಡೇ ಇರುತ್ತದೆ. ಆದುದರಿಂದ ಹೊಸದಾಗಿ ಕಲಿಯುವವರಿಗೆ ಗುಲಾಬಿಯೇ ಲೇಸು. ಕೆಸು ತಾಳ್ಮೆಯನ್ನು ಪರೀಕ್ಷಿಸುತ್ತದೆ.

ದುಂಡು ಹನಿ ಒಂದು ಪುಟ್ಟ ಪೀನಮಸೂರ. ಎಲೆಯ ತುದಿಯಲ್ಲಿ ತೂಗುವ ಹನಿಯ ಹಿಂದೆ ದಾಸವಾಳವೊಂದು ಅರಳಿದ್ದರೆ, ಹನಿಯಲ್ಲಿ ಇಡೀ ಹೂವು ತಲೆಕೆಳಗಾಗಿ, ಸಾಸಿವೆಯಷ್ಟಾಗಿ ಕಾಣುತ್ತದೆ. ಇಲ್ಲಿ ಅನೇಕರು ಎಡವುತ್ತಾರೆ. ಬಿಂಬವು ಹನಿಯ ಒಳಗಿರುವಂತೆ ತೋರಿದರೂ ಅದು ಅಲ್ಲಿಲ್ಲ. ಬೆಳಕು ಹನಿಯನ್ನು ಹೊಕ್ಕು ಹೊರಡುವಾಗ ಎರಡು ಸಲ ಬಾಗಿ, ಹನಿಯ ಈಚೆಗೆ, ಕ್ಯಾಮರಾದ ಕಡೆಗೆ ಬಿಂಬವನ್ನು ಕಟ್ಟುತ್ತದೆ. 4 ಮಿಲಿಮೀಟರ್ ಅಗಲದ ಹನಿಯಾದರೆ ಬಿಂಬವಿರುವುದು ಅದರ ಮೈಯಿಂದ ಸುಮಾರು 2 ಮಿಲಿಮೀಟರ್ ಅಥವಾ ತುಸು ಹೆಚ್ಚು ಮುಂದೆ. ಕ್ಯಾಮರಾದ ಮಸೂರವನ್ನು ಹನಿಯ ಅಂಚಿಗೆ ಹೊಂದಿಸಿದರೆ ಹೂವು ಮಸುಕಾಗುತ್ತದೆ. ಹೂವಿಗೆ ಹೊಂದಿಸಿದರೆ ಅಂಚು ಮಸುಕಾಗುತ್ತದೆ. ಬೆಳಕಿನ ಕಿಂಡಿಯನ್ನು ಕಿರಿದುಗೊಳಿಸಿದರೆ ಎರಡೂ ಸ್ಪಷ್ಟವಾಗಬಹುದು. ಆಗ ಬೆಳಕು ಸಾಲದೆ ಕಿಂಡಿಯನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗುತ್ತದೆ. ಅಷ್ಟರಲ್ಲಿ ಎಲೆ ಅಲುಗುತ್ತದೆ. ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಬಹುದು, ಗಾಳಿಯನ್ನು ನಿಲ್ಲಿಸುವವರಾರು?

ಇಷ್ಟು ತೊಡಕುಗಳಿರುವುದರಿಂದ ಸುಲಭದ ಹಾದಿ ಹಿಡಿಯುವವರೂ ಉಂಟು. ನೀರಿಗೆ ಗ್ಲಿಸರಿನ್ ಬೆರೆಸಿ ಗಿಡಕ್ಕೆ ಸಿಂಪಡಿಸಿದರೆ ಹನಿಗಳು ಬೇಗನೆ ಆರುವುದಿಲ್ಲ, ಸುಲಭವಾಗಿ ಜಾರುವುದೂ ಇಲ್ಲ. ಹಣ್ಣಿನ ಜಾಹೀರಾತಿಗೆ ಹೀಗೆ ಮಾಡಿದರೆ ಯಾರೂ ಆಕ್ಷೇಪಿಸಲಾರರು. ಅದೇ ಚಿತ್ರದ ಕೆಳಗೆ ‘ಮಳೆ ನಿಂತ ಮೇಲೆ’ ಎಂದು ಬರೆದರೆ ಅದು ಸುಳ್ಳಾಗುತ್ತದೆ.

ಚಿತ್ರದಲ್ಲಿ ಕೈವಾಡ ಎಷ್ಟಿರಬಹುದೆಂಬ ಪ್ರಶ್ನೆ ಹಳೆಯದು. ಅಮೆರಿಕದ ವರ್ಮಾಂಟ್ ಪ್ರಾಂತದ ಜೆರಿಕೊ ಎಂಬ ಊರಿನಲ್ಲಿ ವಿಲ್ಸನ್ ಬೆಂಟ್ಲಿ ಎಂಬ ರೈತನಿದ್ದನು. ಆತ 1885ರ ಜನವರಿ 15ರಂದು ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಜೋಡಿಸಿ ಹಿಮದ ಹರಳೊಂದರ ಚಿತ್ರ ತೆಗೆದನು. 1931ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಂಥ ಐದು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದಿದ್ದನು, ಇಬ್ಬನಿಯನ್ನೂ ಬಿಟ್ಟಿರಲಿಲ್ಲ. ಹರಳು ಎದ್ದು ಕಾಣಲೆಂದು ಆತ ನೆಗೆಟಿವ್‌ನಲ್ಲಿ ಅದರ ಸುತ್ತಣ ಲೇಪವನ್ನು ಚಾಕುವಿನಿಂದ ಹೆರೆದು ತೆಗೆಯುತ್ತಿದ್ದನು. ಮುದ್ರಿಸಿದಾಗ ಹಿನ್ನೆಲೆ ಕಪ್ಪಾಗುತ್ತಿತ್ತು. ಜರ್ಮನಿಯ ಹವಾವಿಜ್ಞಾನಿ ಹೆಲ್‌ಮನ್ ಇದನ್ನು ಟೀಕಿಸಿದನು. ಬೆಂಟ್ಲಿ ತನ್ನ ಕೆಲಸವನ್ನು ಮುಚ್ಚಿಡಲಿಲ್ಲ. ಚಿತ್ರವನ್ನು ನಿಸರ್ಗಕ್ಕೆ ಇನ್ನಷ್ಟು ಹತ್ತಿರ ತರುವುದಾದರೆ ಅದು ಸರಿಯೆಂದೇ ವಾದಿಸಿದನು. ಹೆರೆಯುವಾಗ ಹರಳಿನ ಅಂಚೂ ಕೆಟ್ಟಿರಬಹುದೆಂಬ ಶಂಕೆ ನ್ಯಾಯವಾದದ್ದೇ. ಆದರೂ ಮಾಡಿದ್ದನ್ನು ಹೇಳಿಕೊಂಡವನಿಗೂ ಗ್ಲಿಸರಿನ್ ಹನಿಯನ್ನು ಮಳೆಹನಿ ಎನ್ನುವವನಿಗೂ ಅಂತರ ಬಹಳ.

ಕೈವಾಡವಿಲ್ಲದೆಯೂ ತಪ್ಪಾಗುವುದುಂಟು. ರಾತ್ರಿ ಮಳೆ ಬಂದು ನಿಂತ ಮರುದಿನ ನಸುಕಿನಲ್ಲಿ ಗರಿಕೆಯ ತುದಿಗಳಲ್ಲಿ ಒಂದೊಂದೇ ಹನಿ ಸಾಲಾಗಿ ಹೊಳೆಯುತ್ತಿದ್ದರೆ ಅದು ಮಳೆಯ ನೀರೆಂದೇ ನೋಡಿದವರು ನಂಬುತ್ತಾರೆ. ಹಲವು ವೇಳೆ ಅದು ಮಳೆಯೂ ಅಲ್ಲ, ಇಬ್ಬನಿಯೂ ಅಲ್ಲ. ನೆಲ ಚೆನ್ನಾಗಿ ನೆನೆದು ಗಾಳಿಯಲ್ಲಿ ತೇವ ತುಂಬಿರುವ ಇರುಳು, ಬೇರು ಹೀರಿದ ನೀರು ಆವಿಯಾಗಿ ಹೋಗಲಾರದೆ, ಎಲೆಯ ತುದಿಯ ಸೂಕ್ಷ್ಮ ರಂಧ್ರಗಳಿಂದ ಹನಿಯಾಗಿ ಹೊರಬರುತ್ತದೆ. ಇದಕ್ಕೆ ಬಿಂದುಸ್ರಾವ ಎಂದು ಹೆಸರು. ಇದರಲ್ಲಿ ಲವಣಗಳು ಕರಗಿರುವುದರಿಂದ ಹನಿ ಆರಿದ ಮೇಲೆ ಕೆಲವೊಮ್ಮೆ ಬಿಳಿಯ ಕಲೆ ಉಳಿಯುತ್ತದೆ. ಕೆಸುವಿನ ಎಲೆಯಲ್ಲಂತೂ ಇದು ಧಾರಾಳ. ಬೆಳಗಾಗುವ ಮುನ್ನ ಅದರ ತುದಿಯನ್ನು ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಕಾದರೆ, ಆಕಾಶ ಶುಭ್ರವಾಗಿರುವಾಗಲೂ, ಅದೇ ಜಾಗದಲ್ಲಿ ಇನ್ನೊಂದು ಹನಿ ಮೆಲ್ಲನೆ ಮೂಡುತ್ತದೆ.